‘ಹೌದು’ ಎನ್ನುವ ಮೊದಲು ಓದಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಹಳೆಯ ಫಲಾನುಭವಿಯೊಬ್ಬರು ಮಾಡಿದ ಭಾಷಣ)



ಈ ಟ್ರಸ್ಟಿನ ನೆರವಿನಿಂದ ಡಿಪ್ಲೊಮಾ ಓದಿದವನು ನಾನು. ಅಬ್ಬಾ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡಿದ್ದೆ. ಅದಕ್ಕೆ ಲೈಸೆನ್ಸ್ ಹಣ ಕೊಡಬೇಕಾಗಿಲ್ಲ. ಪ್ರಾಜೆಕ್ಟ್ ವರದಿ ಒಪ್ಪಿಸಲು ಎರಡು ದಿನ ಇರುವಾಗ ಅಪ್‌ಗ್ರೇಡ್ ಮಾಡಲು ಕೂತೆ.

ಉಬುಂಟುವಿನಲ್ಲಿ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ನೋಡಿಕೊಳ್ಳುವುದು ‘ಆಪ್ಟ್’. ಒಂದು ಪ್ಯಾಕೇಜಿಗೆ ಲೈಬ್ರರಿಯೊಂದರ ಹಳೆಯ ಆವೃತ್ತಿ, ಇನ್ನೊಂದಕ್ಕೆ ಅದೇ ಲೈಬ್ರರಿಯ ಹೊಸ ಆವೃತ್ತಿ ಬೇಕಾದಾಗ ಎರಡೂ ಒಟ್ಟಿಗೆ ಇರಲಾರವು. ಇದೇ ಸಂಘರ್ಷ. ನಾನು ಹಿಂದೆ ಹೊರಗಿನ ಮೂಲವೊಂದನ್ನು ಸೇರಿಸಿದ್ದೇ ಅದಕ್ಕೆ ಕಾರಣವಾಗಿತ್ತು. ‘ಆಪ್ಟ್ ಅಪ್‌ಗ್ರೇಡ್’ ಇರುವ ಪ್ಯಾಕೇಜನ್ನು ತೆಗೆಯುವುದಿಲ್ಲ. ಸಂಘರ್ಷವಿದ್ದರೆ ಅಂಥವನ್ನು ಹಾಗೆಯೇ ತಡೆದಿಡುತ್ತದೆ. ನನಗೆ ತಾಳ್ಮೆ ಇರಲಿಲ್ಲ. ‘ಫುಲ್-ಅಪ್‌ಗ್ರೇಡ್’ ಕೊಟ್ಟೆ. ಅದು ಅಗತ್ಯ ಕಂಡರೆ ಪ್ಯಾಕೇಜುಗಳನ್ನು ತೆಗೆದೂಹಾಕುತ್ತದೆ. ಆದರೆ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ನಾನು ಓದದೆ ‘ವೈ’ ಒತ್ತಿದೆ. ಮತ್ತೆ ಆನ್ ಮಾಡಿದಾಗ ಕಪ್ಪು ಪರದೆ, ಬಿಳಿ ಅಕ್ಷರ ಮಾತ್ರ. ಡೆಸ್ಕ್‌ಟಾಪೇ ಹೋಗಿತ್ತು.

ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಎಂದರು. ಒಪ್ಪಿದ್ದರೆ ವರದಿಯೂ ಅಳಿಸಿಹೋಗುತ್ತಿತ್ತು. ಸೀನಿಯರ್ ಒಬ್ಬರು ತಡೆದರು: “ತಮ್ಮಾ, ಪ್ಯಾಕೇಜ್ ಹೋದರೆ ನಿನ್ನ ಬರಹ ಹೋಗುವುದಿಲ್ಲ. ಹೋಮ್ ಫೋಲ್ಡರ್ ನೋಡು.” ವರದಿ ಅಲ್ಲೇ ಇತ್ತು. ಮೊದಲು ಅದನ್ನು ಪೆನ್‌ಡ್ರೈವಿಗೆ ಹಾಕಿದೆವು. ಹೊರಗಿನ ಮೂಲವನ್ನು ತೆಗೆದು, ಲೈಬ್ರರಿಯನ್ನು ಉಬುಂಟುವಿನದೇ ಆವೃತ್ತಿಗೆ ಇಳಿಸಿ, ಡೆಸ್ಕ್‌ಟಾಪನ್ನು ಮತ್ತೆ ಹಾಕಿದೆವು. ವರದಿ ಸಮಯಕ್ಕೆ ತಲುಪಿತು.

ಇಂದು ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಈಗಲೂ ಪಾಲಿಸುವುದು ಇಷ್ಟೇ. ಅಪ್‌ಗ್ರೇಡಿಗೆ ಮೊದಲು ಕಡತಗಳ ಪ್ರತಿ ತೆಗೆದಿಡಿ. ‘ಆಪ್ಟ್’ಗೆ ‘ಸಿಮ್ಯುಲೇಟ್’ ಎಂದು ಹೇಳಿದರೆ ಏನನ್ನೂ ಬದಲಿಸದೆ ಏನಾಗಲಿದೆ ಎಂದಷ್ಟೇ ತೋರಿಸುತ್ತದೆ, ಅದನ್ನು ನೋಡಿ. ತೆಗೆದುಹಾಕುವ ಪಟ್ಟಿಯಲ್ಲಿ ನಿಮಗೆ ಬೇಕಾದ ಹೆಸರಿದ್ದರೆ ‘ಎನ್’ ಒತ್ತಿ, ಹೊರಗಿನ ಮೂಲಗಳನ್ನು ಪರಿಶೀಲಿಸಿ. ಪರೀಕ್ಷೆಯ ವಾರದಲ್ಲಿ ದೊಡ್ಡ ಅಪ್‌ಗ್ರೇಡಿಗೆ ಕೈ ಹಾಕಬೇಡಿ.

ಪೋಷಕರಲ್ಲಿ ಒಂದು ವಿನಂತಿ. ಮಗುವಿನ ಕಂಪ್ಯೂಟರ್ ನಿಂತುಹೋದರೆ ಕೂಡಲೇ ಬಯ್ಯಬೇಡಿ, ಫಾರ್ಮ್ಯಾಟ್‌ಗೂ ಕೊಡಬೇಡಿ. ತಿಳಿದವರೊಬ್ಬರನ್ನು ಕೇಳಿ. ದಾನಿಗಳೇ, ನೀವು ಕೊಟ್ಟ ಹಣ ನನ್ನ ಶುಲ್ಕಕ್ಕಾಯಿತು. ಆ ಸೀನಿಯರ್ ಕೊಟ್ಟ ಒಂದು ಸಂಜೆ ನನಗೆ ಉದ್ಯೋಗದ ದಾರಿ ತೋರಿಸಿತು. ನಿಮ್ಮಲ್ಲಿ ಈ ಕೆಲಸ ಬಲ್ಲವರು ನಮ್ಮ ಮಕ್ಕಳಿಗೆ ಅಂಥ ಒಂದು ಸಂಜೆಯನ್ನೂ ಕೊಡಿ.