ಮೇಯುವ ದನಗಳ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಹುಲ್ಲನ್ನು ತಿಂದು ಹಾಲನ್ನು ಕೊಡುವುದು ಹಸುವಿನ ಸಹಜಗುಣವೆಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಹುಲ್ಲಿನ ನಾರನ್ನು ಕರಗಿಸತಕ್ಕ ರಸವು ಹಸುವಿನ ಶರೀರದಲ್ಲಿ ಎಲ್ಲಿಯೂ ಹುಟ್ಟುವುದಿಲ್ಲ. ಈ ಒಂದು ವಿಷಯದಲ್ಲಿ ಹಸುವೂ ಮನುಷ್ಯನೂ ಸಮಾನರು. ಹಾಗಾದರೆ ಒಣಗಿದ ರಾಗಿಹುಲ್ಲು ಹಾಲಾಗುವುದೂ ಎತ್ತಿನ ಕಸುವಾಗುವುದೂ ಹೇಗೆ? ದನದ ಹೊಟ್ಟೆಯಲ್ಲಿ ಬಿಡಾರ ಮಾಡಿಕೊಂಡಿರುವ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಆ ಕೆಲಸವನ್ನು ಮಾಡತಕ್ಕವು. ಇವುಗಳ ಸ್ವಭಾವವನ್ನು ಅರಿತು ಮೇವು ಹಾಕಿದರೆ ದನಗಳ ಪ್ರಾಣವು ಉಳಿಯುವುದು. ಅರಿಯದೆ ಹಾಕಿದರೆ ಪ್ರೀತಿಯಿಂದ ಕೊಟ್ಟ ಆಹಾರವೇ ವಿಷವಾಗುವುದು.

ದನದ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಮೇದ ಹುಲ್ಲು ಮೊದಲು ಸೇರುವುದು ಇಲ್ಲಿಗೇ. ಒಳಗೆ ಸುಮಾರು 39 ಡಿಗ್ರಿ ಸೆಂಟಿಗ್ರೇಡ್ ಶಾಖವಿರುವುದು. ಪ್ರಾಣವಾಯುವು ಬಹುಮಟ್ಟಿಗೆ ಇರುವುದಿಲ್ಲ. ಇಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ 1,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಗಳಿರುತ್ತವೆ. ಇವುಗಳಿಗಿಂತ ದೊಡ್ಡವಾದ ಏಕಕೋಶ ಜೀವಿಗಳನ್ನು 1843ರಲ್ಲಿಯೇ ಗ್ರೂಬಿ, ಡೆಲಾಫಾಂಡ್ ಎಂಬ ಪಂಡಿತರು ಸೂಕ್ಷ್ಮದರ್ಶಕದಲ್ಲಿ ಕಂಡರು. ಆದರೆ ಬ್ಯಾಕ್ಟೀರಿಯಗಳಲ್ಲಿ ಅನೇಕವು ಗಾಳಿ ಸೋಕಿದೊಡನೆ ಸಾಯುವುದರಿಂದ ಅವುಗಳನ್ನು ಬೆಳೆಸಿ ಪರೀಕ್ಷಿಸುವುದು ಕಷ್ಟವಾಗಿತ್ತು. ಅಮೆರಿಕದ ರಾಬರ್ಟ್ ಹಂಗೇಟ್ ಎಂಬ ವಿಜ್ಞಾನಿಯು ಗಾಳಿಯಿಲ್ಲದೆ ಅವುಗಳನ್ನು ಬೆಳೆಸುವ ಕ್ರಮವನ್ನು ರೂಢಿಗೆ ತಂದನು. ಈ ವಿಷಯವನ್ನು ಕುರಿತ ಅವನ ಗ್ರಂಥವು 1966ರಲ್ಲಿ ಪ್ರಕಟವಾಯಿತು.

ಈ ಜೀವಿಗಳಲ್ಲಿ, ಊರಿನ ಕಸುಬುದಾರರಲ್ಲಿರುವಂತೆ, ಕೆಲಸದ ಹಂಚಿಕೆಯುಂಟು. ಫೈಬ್ರೋಬ್ಯಾಕ್ಟರ್, ರೂಮಿನೋಕಾಕಸ್ ಎಂಬವು ನಾರನ್ನು ಒಡೆಯುತ್ತವೆ. ಕೆಲವು ಹಿಟ್ಟಿನಂಶವನ್ನು ಒಡೆಯುತ್ತವೆ. ಇನ್ನು ಕೆಲವು, ಉಳಿದವು ಬಿಟ್ಟ ಜಲಜನಕವನ್ನು ಮೀಥೇನ್ ಅನಿಲವನ್ನಾಗಿ ಮಾಡುತ್ತವೆ. ಹಸುವು ತೇಗಿ ಹೊರಬಿಡುವುದು ಅದನ್ನೇ. ನಾರು ಹುಳಿತು ಹುಟ್ಟುವ ಆಮ್ಲಗಳು ಹೊಟ್ಟೆಯ ಗೋಡೆಯ ಮೂಲಕ ರಕ್ತವನ್ನು ಸೇರುತ್ತವೆ. ದನದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಇವುಗಳಿಂದಲೇ. ಕೊನೆಗೆ ಈ ಜೀವಿಗಳೂ ಮುಂದಕ್ಕೆ ಸಾಗಿ, ನಾಲ್ಕನೆಯ ಭಾಗದಲ್ಲಿಯೂ ಕರುಳಿನಲ್ಲಿಯೂ ಜೀರ್ಣವಾಗಿ ದನಕ್ಕೆ ಸಸಾರಜನಕ ಆಹಾರವಾಗುತ್ತವೆ.

ಇನ್ನು ಅಪಾಯದ ಮಾತು. ಮದುವೆ ಹಬ್ಬಗಳಲ್ಲಿ ಉಳಿದ ಅನ್ನವನ್ನು ಕುಕ್ಕೆಗಟ್ಟಲೆ ಹಸುವಿನ ಮುಂದೆ ಸುರಿಯುವುದುಂಟು. ಕಣದಲ್ಲಿ ಹಗ್ಗ ಕಿತ್ತುಕೊಂಡ ಎತ್ತು ಜೋಳದ ರಾಶಿಗೆ ಬಾಯಿ ಹಾಕುವುದೂ ಉಂಟು. ಆಗ ಹಿಟ್ಟಿನಂಶವನ್ನು ತಿನ್ನುವ ಜೀವಿಗಳು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಬೆಳೆದು, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೇ ವಿಪರೀತವಾಗಿ ಹುಟ್ಟಿಸುತ್ತವೆ. ಈ ಹುಳಿಯಲ್ಲಿ ನಾರನ್ನು ಒಡೆಯುವ ಜೀವಿಗಳು ನಾಶವಾಗುತ್ತವೆ. ದನವು ಮೆಲುಕನ್ನು ನಿಲ್ಲಿಸುವುದು, ಹುಳಿನಾತದ ತೆಳುಸೆಗಣಿ ಹಾಕುವುದು, ತೂರಾಡಿ ಮಲಗುವುದು. ಹೊತ್ತಿಗೆ ಸರಿಯಾಗಿ ಚಿಕಿತ್ಸೆಯಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಸಾಯಲೂಬಹುದು. ಆದಕಾರಣ ಇಂಥ ಆಹಾರವನ್ನು ಹೆಚ್ಚಾಗಿ ತಿಂದುದು ತಿಳಿದೊಡನೆಯೇ, ಲಕ್ಷಣಗಳಿಗಾಗಿ ಕಾಯದೆ, ಪಶುವೈದ್ಯರನ್ನು ಕರೆತರಬೇಕು. ಉಳಿದ ಕಾಳನ್ನೂ ಅನ್ನವನ್ನೂ ಕೂಡಲೇ ದೂರವಿಡಬೇಕು.

ಮುಖ್ಯವಾಗಿ ನೆನಪಿಡತಕ್ಕವು ನಾಲ್ಕು:

1. ಹೊಸ ಮೇವನ್ನಾಗಲಿ ಕಾಳನ್ನಾಗಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ಎರಡು ಮೂರು ವಾರಗಳಲ್ಲಿ ಪೂರ್ತಿ ಅಳತೆಗೆ ತರಬೇಕು. ಸೂಕ್ಷ್ಮಜೀವಿಗಳ ಪಂಗಡಗಳು ಬದಲಾಗಲು ಅಷ್ಟು ಅವಕಾಶ ಬೇಕು.

2. ಮುಂಗಾರಿನ ಎಳೆಹುಲ್ಲಿಗೆ ದನಗಳನ್ನು ಬಿಡುವಾಗ, ಮೊದಲ ಕೆಲವು ದಿನ ಬೆಳಿಗ್ಗೆ ಒಣಹುಲ್ಲನ್ನು ತಿನ್ನಿಸಿ, ಮೇಯುವ ಹೊತ್ತನ್ನು ಕ್ರಮವಾಗಿ ಹೆಚ್ಚಿಸಬೇಕು.

3. ಬೇಸಗೆಯ ಒಣಹುಲ್ಲಿನಲ್ಲಿ ಈ ಜೀವಿಗಳ ಬೆಳವಣಿಗೆಗೆ ಬೇಕಾದ ಸಾರಜನಕವು ಸಾಲದು. ಸ್ವಲ್ಪ ಕಡಲೆಕಾಯಿ ಹಿಂಡಿಯನ್ನೋ ಹಸುರು ಸೊಪ್ಪನ್ನೋ ಜೊತೆಗೆ ಕೊಟ್ಟರೆ ಅದೇ ಹುಲ್ಲು ಹೆಚ್ಚಾಗಿ ಮೈಗೆ ಹತ್ತುವುದು.

4. ಹಿಂಡಿ ಬೂಸಗಳನ್ನು ಎಷ್ಟೇ ಕೊಟ್ಟರೂ ಹುಲ್ಲನ್ನು ನಿಲ್ಲಿಸಬಾರದು. ದನವು ಮೆಲುಕು ಹಾಕಿದಷ್ಟೂ ಜೊಲ್ಲು ಸುರಿಯುವುದು. ಜೊಲ್ಲಿನಲ್ಲಿರುವ ಸೋಡಾ ಕ್ಷಾರವು ಹುಳಿಯನ್ನು ಮುರಿಯುವುದು.

ಮಹಾಶಯರೇ, ಗೋದಲೆಗೆ ಹಾಕಿದ ಮೇವನ್ನು ಮೊದಲು ಉಣ್ಣತಕ್ಕವು ಈ ಕಾಣದ ಜೀವಿಗಳು. ಹಸುವಿನ ಊಟ ಆ ಮೇಲಿನದು. ಈ ಮಾತನ್ನು ಇಲ್ಲಿಗೆ ಬಾರದ ನೆರೆಯವರಿಗೂ, ಹಟ್ಟಿಯಲ್ಲಿ ದನಗಳಿಗೆ ಮೇವು ನೀರು ನೋಡಿಕೊಳ್ಳುವ ಹೆಂಗಸರು ಮಕ್ಕಳಿಗೂ ತಿಳಿಸಬೇಕೆಂದು ಕೋರುತ್ತೇನೆ.