ಹಳೆಯ ಕಾರಿಗೆ ಹೊಸ ಇಂಜೆಕ್ಷನ್

ಇಂಜೆಕ್ಷನ್ ಎಂದೊಡನೆ ನಮ್ಮ ಮನೆಗಳಲ್ಲಿ ಮಕ್ಕಳು ಮಂಚದ ಕೆಳಗೆ ಅಡಗಿಕೊಳ್ಳುವುದುಂಟು. ನಾನು ಇಂದು ತಮ್ಮೊಡನೆ ಹೇಳಹೊರಟಿರುವುದು ಕಾರಿಗೆ ಕೊಡುವ ಇಂಜೆಕ್ಷನ್ನಿನ ವಿಚಾರ. ಕನ್ನಡ ಪಾಠ ಹೇಳುವ ಮೇಷ್ಟರಿಗೂ ಕಾರಿನ ಎಂಜಿನ್ನಿಗೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಇಷ್ಟೇ: ನಮ್ಮ ತಂದೆಯವರು 1968ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2 ಕಾರು ಹಾಸನದ ನಮ್ಮ ಮನೆಯಲ್ಲಿ ಇಂದಿಗೂ ಇದೆ. ತಂದೆಯವರು ಹೋದರು, ಕಾರು ಉಳಿಯಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ಪುತ್ತೂರಿನ ಹತ್ತಿರದ ತಮ್ಮ ತವರಿಗೆ ಹೋಗುವುದಾದರೆ ಆ ಕಾರಿನಲ್ಲಿಯೇ ಹೋಗಬೇಕು. ಈಗಿನ ಕಾರುಗಳಲ್ಲಿ ಮಂಡಿ ಮಡಚಿ ಕೂರಲು ತಮ್ಮಿಂದಾಗದು ಎನ್ನುತ್ತಾರೆ.

ಮೂರು ವರ್ಷದ ಹಿಂದೆ, ಬಿರುಬೇಸಗೆಯಲ್ಲಿ, ತವರಿನಿಂದ ಹಿಂದಿರುಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಕಾರು ನಿಂತಿತು. ಎಂಜಿನ್ನಿನ ಕಾವಿಗೆ ಪೆಟ್ರೋಲು ಕೊಳವೆಯೊಳಗೇ ಆವಿಯಾಗಿತ್ತು. ಆವಿಯನ್ನು ಪಂಪು ನೂಕಲಾರದು. ಹಿರಿಯರು ಮಾಡುತ್ತಿದ್ದಂತೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದೆವು. ಲಾರಿಗಳು ಮೈಗೆ ತಾಗುವಂತೆ ಹೋಗುತ್ತಿದ್ದವು. ತಾಯಿ ಎರಡು ಗಂಟೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಿದ್ದರು. ಮನೆಗೆ ಬಂದ ಮೇಲೆ ತಮ್ಮನು, “ಅಣ್ಣಾ, ಒಂದೋ ಇದನ್ನು ಮಾರಿಬಿಡೋಣ, ಇಲ್ಲವೋ ಇಂಜೆಕ್ಷನ್ ಹಾಕಿಸೋಣ” ಎಂದನು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ.

ಇಲ್ಲಿ ಕಾರ್ಬುರೇಟರಿನ ಗುಣವನ್ನು ಸ್ವಲ್ಪ ತಿಳಿಯಬೇಕು. ಎಂಜಿನ್ ಉಸಿರೆಳೆದಾಗ ಗಾಳಿಯು ಕಿರಿದಾದ ಒಂದು ಕೊರಳಿನ ಮೂಲಕ ರಭಸದಿಂದ ನುಗ್ಗುತ್ತದೆ. ಅಲ್ಲಿ ಒತ್ತಡ ತಗ್ಗಿ, ಸಣ್ಣ ರಂಧ್ರದಿಂದ ಪೆಟ್ರೋಲು ತಾನಾಗಿಯೇ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಬಹು ಚೆಲುವಾದ ಉಪಾಯ. ಆದರೆ ಇದು ಕೈಯಳತೆಯ ಅಡುಗೆ. ಚಳಿಯ ಬೆಳಗಿನಲ್ಲಿ ಪೆಟ್ರೋಲು ಹೆಚ್ಚು ಬೇಕು, ಅದಕ್ಕೆ ಚೋಕ್ ಎಳೆಯಬೇಕು. ಬೆಟ್ಟ ಏರಿದಂತೆ ಗಾಳಿ ತೆಳುವಾಗುತ್ತದೆ, ರಂಧ್ರಕ್ಕೆ ಅದು ತಿಳಿಯದು. ಇನ್ನು ಪೆಟ್ರೋಲೇ ಬದಲಾದರೆ? ಶುದ್ಧ ಪೆಟ್ರೋಲಿನ ಒಂದು ತೂಕ ಪೂರ್ಣವಾಗಿ ಉರಿಯಲು ಗಾಳಿ ಸುಮಾರು 14.7 ತೂಕ ಬೇಕು. ಎಥನಾಲಿಗೆ ಸುಮಾರು 9 ಸಾಕು. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಅದಕ್ಕೆ ಬೇಕಾದದ್ದು ಸುಮಾರು 13.5. ಹಳೆಯ ರಂಧ್ರವು ಹಳೆಯ ಲೆಕ್ಕವನ್ನೇ ಹಾಕುತ್ತಿರುವುದರಿಂದ ಎಂಜಿನ್ನಿಗೆ ಇಂಧನ ಸಾಲದೆ ಬರುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಎಥನಾಲಿಗೆ ಬೇಗ ಹಾಳಾಗುತ್ತವೆ.

ಇಂಜೆಕ್ಷನ್ ವಿಧಾನದಲ್ಲಿ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಸದಾ ಸಿದ್ಧವಾಗಿರಿಸುತ್ತದೆ. ಇಂಜೆಕ್ಟರ್ ಎಂಬ ಸೂಕ್ಷ್ಮ ಕವಾಟವು ಒಂದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಹೊತ್ತು ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವುದು ಒಂದು ಪುಟ್ಟ ಗಣಕ. ಗಾಳಿಯ ಒತ್ತಡ, ಗಾಳಿಯ ಮತ್ತು ನೀರಿನ ಕಾವು, ಎಂಜಿನ್ನಿನ ವೇಗ, ಕಾಲಿನ ಒತ್ತು ಇವನ್ನೆಲ್ಲ ಅದು ಕೇಳಿ ತಿಳಿಯುತ್ತದೆ. ಹೊಗೆ ಕೊಳವೆಯಲ್ಲಿ ಕುಳಿತ ಆಮ್ಲಜನಕದ ಸಂವೇದಕವು, ಉರಿದದ್ದು ಸರಿಯೇ ತಪ್ಪೇ ಎಂದು ಕೂಡಲೇ ವರದಿ ಒಪ್ಪಿಸುತ್ತದೆ. ಬಾಷ್ ಸಂಸ್ಥೆಯ ಇಂಥ ವ್ಯವಸ್ಥೆಯು 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಿತು. ಆಮ್ಲಜನಕದ ಸಂವೇದಕವು 1976ರಲ್ಲಿ ವೋಲ್ವೊ ಕಾರಿನಲ್ಲಿ ಬಂದಿತು. ಈಗ ಹಳೆಯ ಕಾರುಗಳಿಗೆ ಜೋಡಿಸಲೆಂದೇ ಸಾಮಗ್ರಿಗಳು ಬೇರೆಯಾಗಿ ಸಿಗುತ್ತವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ವ್ಯಾಕರಣದಲ್ಲಿ ಬಹಳ ಒದ್ದಾಡಿದವನು, ಈಗ ಒಳ್ಳೆಯ ಮೆಕ್ಯಾನಿಕ್. ಅವನು ಬಾನೆಟ್ಟು ಎತ್ತಿ ತೋರಿಸಿದನು: “ಮೇಷ್ಟ್ರೇ, ಈ 1489 ಸಿ.ಸಿ. ಎಂಜಿನ್ನಿನಲ್ಲಿ ಸಿಲಿಂಡರು ನಾಲ್ಕು, ಗಾಳಿ ಒಳಗೆ ಹೋಗುವ ದಾರಿ ಎರಡೇ. ಒಂದು-ಎರಡಕ್ಕೆ ಒಂದು, ಮೂರು-ನಾಲ್ಕಕ್ಕೆ ಒಂದು. ಉರಿಯುವ ಕ್ರಮ 1-3-4-2. ಎರಡರ ಹಿಂದೆಯೇ ಒಂದು, ಮೂರರ ಹಿಂದೆಯೇ ನಾಲ್ಕು ಉಸಿರೆಳೆಯುತ್ತವೆ. ದಾರಿಯ ಬಾಯಲ್ಲಿ ಇಂಜೆಕ್ಟರ್ ಇಟ್ಟರೆ, ಒಂದೇ ತಟ್ಟೆಯಲ್ಲಿ ಉಣ್ಣುವ ಮಕ್ಕಳಂತೆ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ನೀವು ಗಣವಿಭಾಗ ಮಾಡಿಸುತ್ತಿದ್ದಿರಲ್ಲ, ಇದೂ ಅದೇ. ಮಾತ್ರೆ ತಪ್ಪಿದರೆ ಓಟ ಕೆಡುತ್ತದೆ.” ಆದುದರಿಂದ ಕಾರ್ಬುರೇಟರ್ ಕೂತಿದ್ದ ಜಾಗದಲ್ಲಿಯೇ, ಮೇಲಿನಿಂದ ಪೆಟ್ರೋಲು ಸಿಂಪಡಿಸುವ ಥ್ರಾಟಲ್ ಬಾಡಿ ಕೂರಿಸುವುದು ಲೇಸೆಂದು ಅವನ ಮತ. ಇಂಥದೇ ದಾರಿಗಳಿದ್ದ ಮಿನಿ ಕಾರಿಗೆ ಇಂಗ್ಲೆಂಡಿನ ರೋವರ್ ಸಂಸ್ಥೆಯವರು 1991ರಲ್ಲಿ ಮಾಡಿದ್ದೂ ಹೀಗೆಯೇ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ತಂದೆಯವರ ಕೈ ಆಡಿದ ಎಂಜಿನ್ನು ಅದು. ಅಲ್ಲದೆ 2021ರಲ್ಲಿ ಬಂದ ನಿಯಮದಂತೆ, ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ವಿಂಟೇಜ್ ಎಂಬ ಮನ್ನಣೆ ಉಂಟು. ಎಂಜಿನ್ನಿಗೆ ಕೈ ಹಾಕಿದರೆ ಆ ಮನ್ನಣೆ ಕೈತಪ್ಪಬಹುದು. ತಮ್ಮನು ಆ ನಿಯಮವನ್ನು ಪೂರ್ತಿ ಓದಿ ಹೇಳಿದನು: ಅಂಥ ವಾಹನವನ್ನು ಪ್ರದರ್ಶನ, ಸಂಶೋಧನೆ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. “ಅಮ್ಮನ ತವರು ಈ ಪಟ್ಟಿಯಲ್ಲಿ ಇಲ್ಲ, ಅಣ್ಣಾ” ಎಂದನು. ನಾನು ಸುಮ್ಮನಾದೆ. ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿದ ಬಳಿಕ ಕೆಲಸಕ್ಕೆ ಒಪ್ಪಿಗೆ ಕೊಟ್ಟೆನು. ನನ್ನದು ಒಂದೇ ಷರತ್ತು: ಏನನ್ನೂ ಕೊಯ್ಯಬಾರದು, ಕೊರೆಯಬಾರದು, ಬೇಕೆಂದರೆ ಹಳೆಯದನ್ನು ಮತ್ತೆ ಜೋಡಿಸುವಂತಿರಬೇಕು. ಸಂವೇದಕಕ್ಕಾಗಿ ಹೊಗೆ ಕೊಳವೆಯೊಂದನ್ನು ಮಾತ್ರ ಹೊಸದಾಗಿ ಮಾಡಿಸಿ, ಹಳೆಯದನ್ನು ಅಟ್ಟದಲ್ಲಿಟ್ಟೆವು.

ಇದರಲ್ಲಿ ನಾವು ಪಟ್ಟ ಪಾಡನ್ನೂ ಹೇಳಬೇಕು. ಹಣ ಉಳಿಸಲೆಂದು ಹಳೆಯ ಡೈನಮೊ ಇರಲಿ ಎಂದವನು ನಾನೇ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊ ಕೊಡುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಂಜೆ ಮಳೆ. ದೀಪ, ವೈಪರು, ಪಂಪು, ಗಣಕ ಎಲ್ಲಕ್ಕೂ ವಿದ್ಯುತ್ತು ಬೇಕು. ನಾಲ್ಕು ರಸ್ತೆ ಕೂಡುವಲ್ಲಿ ಬ್ಯಾಟರಿ ಸೋತು ಕಾರು ನಿಂತಿತು. ಕಾರ್ಬುರೇಟರ್ ಆಗಿದ್ದರೆ ಮನೆಯವರೆಗೆ ಕುಂಟಿಕೊಂಡಾದರೂ ಬರುತ್ತಿತ್ತೇನೋ; ಗಣಕಕ್ಕೆ ವಿದ್ಯುತ್ತು ಇಲ್ಲದಿದ್ದರೆ ಒಂದು ಹೆಜ್ಜೆಯೂ ಇಲ್ಲ. ಮರುದಿನವೇ ಆಲ್ಟರ್ನೇಟರ್ ಹಾಕಿಸಿದೆವು.

ತಮ್ಮ ಮನೆಯಲ್ಲಿಯೂ ಇಂಥ ಹಳೆಯ ಕಾರಿದ್ದರೆ ಮೂರು ಮಾತು ನೆನಪಿರಲಿ. ಮೊದಲನೆಯದು, ಎಂಜಿನ್ ಸವೆದಿದ್ದರೆ ಮೊದಲು ಅದನ್ನು ದುರಸ್ತಿ ಮಾಡಿಸಿರಿ. ಇಂಜೆಕ್ಷನ್ನು ಮುಪ್ಪಿಗೆ ಮದ್ದಲ್ಲ, ಐವತ್ತು ಅಶ್ವಶಕ್ತಿ ನೂರಾಗುವುದೂ ಇಲ್ಲ. ಎರಡನೆಯದು, ಕೊಳವೆ, ಕ್ಲಿಪ್ಪುಗಳೆಲ್ಲವೂ ಹೆಚ್ಚಿನ ಒತ್ತಡಕ್ಕೂ ಎಥನಾಲಿಗೂ ತಡೆಯುವಂಥವೇ ಆಗಿರಲಿ. ಹಳೆಯ ಕೊಳವೆ ಬಿರಿದರೆ ಬೆಂಕಿ ಖಂಡಿತ. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವ ಏರ್ಪಾಡಿರಬೇಕು. ಮೂರನೆಯದು, ಮಿಕ್ಕ ಪೆಟ್ರೋಲು ಟ್ಯಾಂಕಿಗೆ ಹಿಂದಿರುಗುವ ಕೊಳವೆಯನ್ನು ಬಿಡಬೇಡಿರಿ. ಸದಾ ಹರಿಯುವ ಪೆಟ್ರೋಲು ಕಾಯುವುದು ಕಡಿಮೆ, ಒತ್ತಡದಲ್ಲಿರುವ ಪೆಟ್ರೋಲು ಸುಲಭವಾಗಿ ಆವಿಯಾಗದು. ಘಾಟಿಯಲ್ಲಿ ಒದ್ದೆ ಬಟ್ಟೆಯ ಕೆಲಸ ತಪ್ಪುವುದು ಇದರಿಂದಲೇ.

ಕಳೆದ ಬೇಸಗೆಯಲ್ಲಿ ತಾಯಿಯವರನ್ನು ಕರೆದುಕೊಂಡು ಹೊರಟೆವು. ತಮ್ಮನು ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದಿತು. ಹಿಂದೆ ಕುಳಿತಿದ್ದ ತಾಯಿ, “ಚೋಕ್ ಎಳೆಯಲಿಲ್ಲವೇನೋ? ನಿಮ್ಮಪ್ಪ ಮೊದಲು ಅದನ್ನೇ ಎಳೀತಿದ್ದರು” ಎಂದರು. ಚೋಕಿನ ಗುಂಡಿ ಇನ್ನೂ ಅದರ ಜಾಗದಲ್ಲಿಯೇ ಇದೆ. ಅದರ ತಂತಿ ಈಗ ಯಾವುದಕ್ಕೂ ಕೂಡಿಲ್ಲ. ತಮ್ಮನು ಒಂದು ಮಾತೂ ಆಡದೆ ಅದನ್ನು ಎಳೆದು, ಸ್ವಲ್ಪ ತಡೆದು, ಮತ್ತೆ ಒಳಕ್ಕೆ ನೂಕಿದನು. ತಾಯಿ ಸಮಾಧಾನದಿಂದ ಹಿಂದಕ್ಕೆ ಒರಗಿದರು. ಶಿರಾಡಿ ಘಾಟಿಯನ್ನು ಹೋಗುವಾಗಲೂ ಬರುವಾಗಲೂ ಎಲ್ಲಿಯೂ ನಿಲ್ಲದೆ ದಾಟಿದೆವು.