ಬಾಂದ್ರಾ ಗುಡ್ಡದ ಮಾತೆಯ ಜಾತ್ರೆ
(ನಮ್ಮ ಉಚಿತ ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಲೆಕ್ಕದ ಪುಸ್ತಕ ಬರೆಯುವವನು. ಕಂಡದ್ದಷ್ಟನ್ನು ಹೇಳುತ್ತೇನೆ.

ನಮ್ಮ ಚಾಳಿನಲ್ಲಿ ಮಂಗಳೂರು ಕಡೆಯ ಕ್ರೈಸ್ತ ಬಾಯಮ್ಮ ಒಬ್ಬರಿದ್ದಾರೆ. ಕಳೆದ ವರ್ಷ ಅವರ ಮಗನ ಬಲಗೈ ಒಂದು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋದವು. ಪರಿಹಾರದ ಅರ್ಜಿ ಬರೆದುಕೊಟ್ಟವನು ನಾನೇ. ಉತ್ತರ ಇನ್ನೂ ಬಂದಿಲ್ಲ. ಸೆಪ್ಟೆಂಬರಿನಲ್ಲಿ ಬಾಯಮ್ಮ ಮಗನನ್ನು ಕರೆದುಕೊಂಡು ಬಾಂದ್ರಾದ ಮೌಂಟ್ ಮೇರಿಗೆ ಹೊರಟರು. ನನ್ನನ್ನೂ ಕರೆದರು.

ಸೆಪ್ಟೆಂಬರ್ 8 ಮೇರಿ ಮಾತೆಯ ಹುಟ್ಟುಹಬ್ಬ. ಮಂಗಳೂರು ಕಡೆ ಅದೇ ಮೊಂತಿ ಹಬ್ಬ. ಹೊಸ ಭತ್ತದ ತೆನೆಯನ್ನು ಇಗರ್ಜಿಯಿಂದ ಮನೆಗೆ ತರುತ್ತಾರೆ. ಬಾಂದ್ರಾದಲ್ಲಿ ಅದರ ನಂತರದ ಭಾನುವಾರದಿಂದ ಒಂದು ವಾರ ಜಾತ್ರೆ. ಭಾನುವಾರ ಹೋಗಬೇಡಿ, ಕಾಲಿಡಲು ಜಾಗವಿರುವುದಿಲ್ಲ.

ನಾವು ಬಸ್ಸಿನಲ್ಲಿ ಮಾಹೀಮಿನ ಸೇತುರಸ್ತೆ ದಾಟಿ ಹೋದೆವು. ಒಂದು ಕಾಲಕ್ಕೆ ಆ ಖಾರಿಯನ್ನು ದೋಣಿಯಲ್ಲೇ ದಾಟಬೇಕಿತ್ತು. ಸರ್ ಜಮ್‌ಶೆಟ್‌ಜಿ ಜೀಜಿಭಾಯಿಯವರ ಪತ್ನಿ ಆವಾಬಾಯಿ 1,57,000 ರೂಪಾಯಿ ಕೊಟ್ಟು ಅದನ್ನು ಕಟ್ಟಿಸಿದರು, 1845ರಲ್ಲಿ ತೆರೆಯಿತು. ದಾಟುವವರಿಂದ ಸುಂಕ ಎತ್ತಬಾರದೆಂಬುದು ಅವರ ಕರಾರು. ಆ ಪಾರಸಿ ತಾಯಿಗೂ ಈ ಗುಡ್ಡದ ಮಾತೆಗೆ ಹರಕೆಯಿತ್ತೆಂದು ಜನ ಹೇಳುತ್ತಾರೆ. ಹರಕೆಯೋ ಅಲ್ಲವೋ, ದಾರಿಯಂತೂ ಎಲ್ಲರಿಗೂ ಆಯಿತು.

ಈಗಿನ ಇಗರ್ಜಿ 1904ರದು. 1954ರಲ್ಲಿ ಪೋಪರು ಅದಕ್ಕೆ ಬಸಿಲಿಕದ ಪದವಿ ಕೊಟ್ಟರು. ಕೋಳಿ ಬೆಸ್ತರಿಗೆ ಮಾತ್ರ ಅವಳು ಇಂದಿಗೂ 'ಮೋತ್ ಮಾವುಲಿ'. ಸಾಲಿನಲ್ಲಿ ನಮ್ಮ ಮುಂದೆ ಕುಂಕುಮವಿಟ್ಟ ಹೆಂಗಸರೇ ಹೆಚ್ಚಿದ್ದರು.

ಹೊರಗಿನ ಅಂಗಡಿಗಳಲ್ಲಿ ಮೇಣದಲ್ಲಿ ಅಚ್ಚು ಹಾಕಿದ ಕೈ, ಕಾಲು, ಮಗು, ಮನೆ ಎಲ್ಲವೂ ಸಿಗುತ್ತವೆ. ಯಾರಿಗೆ ಏನು ಬೇಕೋ ಅದನ್ನು ಕೊಂಡು ಮಾತೆಯ ಮುಂದಿಡುವುದು. ಬಾಯಮ್ಮ ಒಂದು ಕೈ ಕೊಂಡರು. ಐದು ಬೆರಳೂ ನೆಟ್ಟಗಿದ್ದ ಕೈ. ನನಗೆ ನೋಡಲಾಗಲಿಲ್ಲ. ಹುಡುಗ ತನ್ನ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದ.

"ಬಾಯಮ್ಮ, ಇದರಿಂದ..." ಎಂದು ನಾನು ಬಾಯಿ ತೆರೆದೆ.

"ಬೆರಳು ಮತ್ತೆ ಬೆಳೆಯುವುದಿಲ್ಲವೆಂದು ನನಗೂ ಗೊತ್ತುಂಟು ಗುಮಾಸ್ತರೇ. ಉಳಿದದ್ದರಲ್ಲಿ ಬದುಕಲಿಕ್ಕೆ ಅವನಿಗೆ ಧೈರ್ಯ ಬರಲಿ ಎಂದು ಕೇಳುವುದು" ಎಂದರು.

ಒಳಗೆ ಹೋದ ಮೇಲೆ ಅವರು ಮಗನಿಗೆ ಕೊಂಕಣಿಯಲ್ಲಿ ಆ ಮೂರ್ತಿಯ ಕಥೆ ಹೇಳಿದರು. ಆಮೇಲೆ ನನಗೆ ಕನ್ನಡದಲ್ಲಿ. 1700ರಲ್ಲಿ ಅರಬ್ಬೀ ಕಡಲುಗಳ್ಳರು ಮಾತೆಯ ಕೈಯಲ್ಲಿದ್ದುದನ್ನು ಚಿನ್ನವೆಂದು ತಿಳಿದು ಆ ಬಲಗೈಯನ್ನೇ ಕಡಿದರಂತೆ. ಹುಡುಗ ಬಹಳ ಹೊತ್ತು ಮೂರ್ತಿಯನ್ನು ನೋಡಿದ. ಆಮೇಲೆ ಜೇಬಿನಿಂದ ಕೈ ತೆಗೆದು, ಮೇಣದ ಕೈಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಇಳಿಯುವಾಗ ಕಡಿಯೊ-ಬೋಡಿಯೊ ಪೊಟ್ಟಣ ಕೊಂಡೆವು. ಅದನ್ನು ಬಿಚ್ಚಿದವನೂ ಅವನೇ.

ಈಗ ಅವನು ಸಂಜೆ ಏಳಕ್ಕೆ ಇಲ್ಲಿಗೆ ಬಂದು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾನೆ. ದೀಪದ ಕೆಳಗಿನ ಮೇಜನ್ನು ಆ ಹೊತ್ತಿಗೆ ಅವನಿಗೆ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ.